ಕ್ಯಾನ್ಸರ್ ತಪಾಸಣೆ: ಅಷ್ಟೂರದ ಮನೆಯಿಂದ ಕಿದ್ವಾಯಿವರೆಗೆ

ಬೀದರ ನಗರದ ಪಕ್ಕದಲ್ಲೇ ಇರುವ ಅಷ್ಟೂರ ಬಹಮನಿ ಸುಲ್ತಾನರ ಗೋರಿಗಳಿಗೆ ಹೆಸರಾದ ಊರು. ಇಲ್ಲಿಯ ಒಬ್ಬ ಹೆಣ್ಣುಮಗಳಿಗೆ ಎದೆಯಲ್ಲಿ ಗಂಟು ಕಾಣಿಸಿತೆಂದುಕೊಳ್ಳಿ. ಬೀದರದ ಬ್ರಿಮ್ಸ್ ಆಸ್ಪತ್ರೆಗೆ ಆಟೋದಲ್ಲಿ ಹೋಗಿ ಬರಬಹುದು. ಕ್ಯಾನ್ಸರಿಗೆಂದೇ ಇರುವ ಆಸ್ಪತ್ರೆ ಬೇಕೆಂದರೆ ಕಲಬುರಗಿಯ ಕಿದ್ವಾಯಿ ಕೇಂದ್ರ ನೂರು ಕಿ.ಮೀ.ಗೂ ಮೇಲೆ, ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆ ಇನ್ನೂ ದೂರ, ಬೆಂಗಳೂರಿನ ಕಿದ್ವಾಯಿ ಸುಮಾರು 700 ಕಿ.ಮೀ. ಭಾಲ್ಕಿ, ಔರಾದ ಕಡೆಯವರಿಗೂ ಇದೇ ಪಾಡು. ದೊಡ್ಡ ಚಿಕಿತ್ಸೆ ದೂರ, ಆದರೆ ಮೊದಲ ತಪಾಸಣೆ ಮನೆಯ ಹತ್ತಿರವೇ ಇದೆ. ಇದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. 1962ರಿಂದ ಅದು ಕೇಂದ್ರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ತೆರೆದದ್ದು 1973ರಲ್ಲಿ. ಎರಡು ವರ್ಷದ ನಂತರ ರಾಷ್ಟ್ರೀಯ ಕ್ಯಾನ್ಸರ್ ನಿಯಂತ್ರಣ ಕಾರ್ಯಕ್ರಮ ಬಂತು. 2012ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಜಾಲ ಹುಟ್ಟಿತು. ಎಲ್ಲ ಕಡೆ ಒಂದೇ ತೆರನಾದ ಚಿಕಿತ್ಸೆ ಸಿಗಬೇಕೆಂಬುದು ಅದರ ಉದ್ದೇಶ.

ಅಂಗಡಿಗೆ ಕೀರ್ದಿ ಪುಸ್ತಕ ಇದ್ದ ಹಾಗೆ ರೋಗಕ್ಕೂ ಲೆಕ್ಕ ಬೇಕು. ಐ.ಸಿ.ಎಂ.ಆರ್. ಸಂಸ್ಥೆ 1981ರಲ್ಲಿ ಕ್ಯಾನ್ಸರ್ ನೋಂದಣಿ ಯೋಜನೆ ಆರಂಭಿಸಿತು. ಬೆಂಗಳೂರು, ಮುಂಬಯಿ, ಚೆನ್ನೈ ಮೊದಲ ಸಾಲಿನಲ್ಲಿದ್ದವು. ಹಳ್ಳಿಗಳ ಲೆಕ್ಕ ಮೊದಲು ಹಿಡಿದದ್ದು 1987ರಲ್ಲಿ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ.

ಜಗತ್ತೇ ಗಮನಿಸಿದ ಒಂದು ಅಧ್ಯಯನವೂ ನಮ್ಮ ಜಿಲ್ಲೆಯ ನೆರೆಯಲ್ಲೇ ನಡೆದಿದೆ. ಬಸವಕಲ್ಯಾಣ ದಾಟಿ ಗಡಿಯಾಚೆ ಹೋದರೆ ಉಮರ್ಗಾ. ಅದು ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಅಲ್ಲಿ 1999ರಿಂದ 30 ರಿಂದ 59 ವರ್ಷದ 1,31,746 ಮಹಿಳೆಯರನ್ನು ಊರುಗಳ ಪ್ರಕಾರ ನಾಲ್ಕು ಗುಂಪು ಮಾಡಲಾಯಿತು. ಗರ್ಭಕಂಠದ ಕ್ಯಾನ್ಸರಿಗಾಗಿ ಒಂದು ಗುಂಪಿಗೆ ಎಚ್‌ಪಿವಿ ವೈರಸ್ ಪರೀಕ್ಷೆ, ಒಂದಕ್ಕೆ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ. ಎಲ್ಲವೂ ಒಂದೇ ಸಲ. ನಾಲ್ಕನೆಯ ಗುಂಪಿಗೆ ಯಾವ ಪರೀಕ್ಷೆಯನ್ನೂ ಏರ್ಪಡಿಸಲಿಲ್ಲ.

ಎಂಟು ವರ್ಷದ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ 34,126 ಮಹಿಳೆಯರಿದ್ದು, ಈ ಕ್ಯಾನ್ಸರಿನಿಂದ ತೀರಿಕೊಂಡವರು 34. ಪರೀಕ್ಷೆ ಇಲ್ಲದ ಗುಂಪಿನಲ್ಲಿ ಇದ್ದವರು 31,488, ತೀರಿಕೊಂಡವರು 64. ಅಂದರೆ ಒಂದೇ ಒಂದು ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಉಳಿದ ಎರಡು ವಿಧಾನಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಪರೀಕ್ಷೆ ಇಲ್ಲದೆ ಬಿಟ್ಟ ಗುಂಪಿನ ವಿಷಯದಲ್ಲಿ ಆಮೇಲೆ ಟೀಕೆ ಬಂತು, ಬರಬೇಕಾದದ್ದೇ. ಆ 64 ಮಂದಿಯೂ ಯಾರದೋ ಮನೆಯ ತಾಯಂದಿರು, ಅಕ್ಕತಂಗಿಯರು.

ಹಾಗಾದರೆ ಸರ್ಕಾರಿ ಕೇಂದ್ರಗಳಲ್ಲಿ ಆಮ್ಲ ಹಚ್ಚಿ ನೋಡುವ ಪರೀಕ್ಷೆಯನ್ನೇ ಏಕೆ ಮಾಡುತ್ತಾರೆ? ಖರ್ಚು ಕಡಿಮೆ, ಫಲಿತಾಂಶ ಅಲ್ಲೇ ಸಿಗುತ್ತದೆ, ತರಬೇತಿ ಪಡೆದ ನರ್ಸ್ ಸಾಕು. ಮುಂಬಯಿಯ ಕೊಳಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಇದನ್ನು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು ಮಾಡಿದಾಗ ಸಾವು ಶೇ. 31ರಷ್ಟು ಇಳಿಯಿತು. ಆದ್ದರಿಂದ ಈ ಪರೀಕ್ಷೆ ಮಾಡಿಸಿಕೊಂಡವರು ಒಂದೇ ಸಲಕ್ಕೆ ಮುಗಿಯಿತೆಂದು ಮರೆಯುವಂತಿಲ್ಲ. ಅನುಕೂಲ ಇದ್ದವರು ವೈದ್ಯರನ್ನು ಕೇಳಿ ಎಚ್‌ಪಿವಿ ಪರೀಕ್ಷೆ ಮಾಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ 2021ರಲ್ಲಿ ಅದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು.

2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30 ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕಂಠ, ಈ ಮೂರರ ತಪಾಸಣೆ ಆಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ತಪಾಸಣೆಗೆ ಹಣ ಕೊಡಬೇಕಿಲ್ಲ. ವ್ಯಾಪಾರಿ ಮನೆಗಳಲ್ಲಿ ಆಶಾ ಬಂದಾಗ "ನಮಗೇನೂ ಇಲ್ಲ, ಹೋಗಮ್ಮ" ಎಂದು ಕಳಿಸುವುದೇ ಹೆಚ್ಚು. ಮದ್ಯ ಮಾಂಸ ಮುಟ್ಟದ ಮನೆಗೆ ಈ ರೋಗ ಬಾರದೆಂಬ ನಂಬಿಕೆ ತಪ್ಪು. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಸಸ್ಯಾಹಾರಿಗಳಿಗೂ ಬರುತ್ತದೆ. ಗಂಡಸರಲ್ಲಿ ಬೀಡಿ ಸಿಗರೇಟು ಇಲ್ಲದಿದ್ದರೂ ಗಲ್ಲೆಯ ಮೇಲೆ ಕೂತು ಅಡಕೆ, ಗುಟ್ಕಾ ಹಾಕುವವರು ನಮ್ಮಲ್ಲೂ ಇದ್ದಾರೆ. ಬಾಯಲ್ಲಿ ಬಿಳಿ ಕಲೆ, ಮೂರು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು ಕಂಡರೆ ಕಾಯಬಾರದು.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ. 30, ವರ್ಷಕ್ಕೆ 1.5 ಲಕ್ಷ ರೂ. ಮಿತಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಬೇಕು. ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಿ ದಾಖಲಾದ ಮೇಲೆ ಕಾರ್ಡ್ ತೋರಿಸಿದರೆ ತೊಂದರೆಯಾಗುತ್ತದೆ.

ಕಲಬುರಗಿಗಾಗಲಿ ಹೈದರಾಬಾದಿಗಾಗಲಿ ಹೊರಡುವ ಮುನ್ನ ಬಯಾಪ್ಸಿ ಮಾಡಿದ ಕಡೆಯಿಂದ ವರದಿಯ ಜೊತೆಗೆ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಬೇಕು. ದೊಡ್ಡ ಆಸ್ಪತ್ರೆಯವರು ಅವನ್ನು ಮತ್ತೆ ಪರೀಕ್ಷಿಸುತ್ತಾರೆ. ಬಿಟ್ಟುಹೋದರೆ ರೋಗಿಯನ್ನು ಅಲ್ಲೇ ಕೂರಿಸಿ ಯಾರಾದರೊಬ್ಬರು ಬೀದರಕ್ಕೆ ಮತ್ತೆ ಬಸ್ ಹತ್ತಬೇಕಾಗುತ್ತದೆ.