ಇಳಿಯುವವರಿಲ್ಲದ ಎಡಕುಮೇರಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹಗಲು ರೈಲು ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಎಷ್ಟೋ ಸಲ ನಡುಗಾಡಿನಲ್ಲಿ ನಿಂತುಬಿಡುತ್ತದೆ. ಹಳದಿ ಫಲಕದ ಮೇಲೆ ‘ಎಡಕುಮೇರಿ’ ಎಂದಿರುತ್ತದೆ. ಒಂದು ಲೋಟ ಕಾಫಿ ಸಿಕ್ಕೀತೇನೋ ಎಂದು ಇಣುಕಿದವರಿಗೆ ಕಾಣುವುದು ಸಣ್ಣದೊಂದು ಕಟ್ಟಡ, ಪಕ್ಕದಲ್ಲಿ ಹೆಚ್ಚುವರಿ ಹಳಿ, ಅದರಾಚೆ ಬರೀ ಮರ. ಆಟೊ ಸ್ಟ್ಯಾಂಡ್ ಹುಡುಕುವ ಮಾತೇ ಇಲ್ಲ. ಇಲ್ಲಿಗೆ ಸರಿಯಾದ ರಸ್ತೆಯೇ ಇಲ್ಲ.

ಕಾಡು ಕಡಿದು, ಸುಟ್ಟು, ಕೆಲವು ಬೆಳೆ ತೆಗೆದು ಮುಂದೆ ಸಾಗುವ ಹಳೆಯ ಬೇಸಾಯಕ್ಕೆ ಮಲೆನಾಡಿನಲ್ಲಿ ಕುಮೇರಿ ಎನ್ನುತ್ತಿದ್ದರು. ಊರಿನ ಹೆಸರಿನಲ್ಲಿ ಉಳಿದಿರುವುದು ಅದೇ ಇರಬಹುದು. ಊರು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಪ್ರಯಾಣಿಕರ ಅನುಕೂಲ ಲೆಕ್ಕ ಹಾಕಿ ಎಡಕುಮೇರಿಗೆ ಅಂಕ ಕೊಟ್ಟರೆ ಸೊನ್ನೆಯೇ ಸಿಕ್ಕೀತು. ಆದರೆ ಇಲ್ಲಿನ ಸೌಕರ್ಯವೆಲ್ಲ ಇರುವುದು ರೈಲಿಗಾಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಹಾದಿ ಮಾತ್ರ ಒಂದೇ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಯಾವುದಾದರೊಂದು ನಿಲ್ದಾಣದ ಪಕ್ಕದ ಹಳಿಗೆ ಸರಿದು ದಾರಿ ಬಿಡಬೇಕು. ‘ಕ್ರಾಸಿಂಗ್ ಇದೆ’ ಎಂದು ಪ್ರಯಾಣಿಕರು ಗೊಣಗುವುದು ಇದಕ್ಕೇ.

ಇಂಥ ಸೌಕರ್ಯಕ್ಕೆ ಇನ್ನೊಂದು ಕಾರಣ ಇಳಿಜಾರು. ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ನಡೆಯುವವರಿಗೆ ಇದು ಇಳಿಜಾರೆಂದೇ ಅನ್ನಿಸದು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ, ಹಿಂದೆ ಸಾವಿರಾರು ಟನ್ ಸರಕು ಇದ್ದರಂತೂ, ದೊಡ್ಡ ಗಂಡಾಂತರ. ಅದಕ್ಕೇ ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಇಂಥ ಘಾಟಿಗಳಲ್ಲಿ ‘ಕ್ಯಾಚ್ ಸೈಡಿಂಗ್’ ಎಂಬ ಏರುಹಳಿಯನ್ನೂ ಹಾಕಿರುತ್ತಾರೆ. ಬ್ರೇಕ್ ಕೈಕೊಟ್ಟ ಗಾಡಿ ಅದರ ಮೇಲೆ ಹತ್ತಿ, ತನ್ನ ಭಾರಕ್ಕೆ ತಾನೇ ಸೋತು ನಿಲ್ಲಬೇಕು. ಮೇಲೇರುವ ರೈಲಿನದು ಬೇರೆ ಪಾಡು: ಬಾಲಕ್ಕೆ ‘ಬ್ಯಾಂಕರ್’ ಇಂಜಿನ್ ಕಟ್ಟಿ ಹಿಂದಿನಿಂದ ದಬ್ಬಿಸಿಕೊಳ್ಳುತ್ತಲೇ ಬರುತ್ತದೆ.

ಮೀಟರ್‌ಗೇಜ್ ಕಾಲದಲ್ಲಿ, 1979ರಲ್ಲಿ ಈ ಘಾಟಿ ಹಾದುಹೋಗುವ ಹಾಸನ–ಮಂಗಳೂರು ಮಾರ್ಗ ಪೂರ್ತಿಯಾಯಿತು. ಹೆಚ್ಚು ಅಗಲದ ಬ್ರಾಡ್‌ಗೇಜ್ ಹಳಿಗೆ ಬದಲಿಸಲೆಂದು 1996ರಲ್ಲಿ ಇಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ! 2021ರಲ್ಲಿ ಘಾಟಿಯ ಚಂದ ನೋಡಲೆಂದು ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳೂ ಬಂದವು.

ಮಳೆಗಾಲದಲ್ಲಿ ಈ ಚಂದಕ್ಕೆ ಬೆಲೆ ತೆರಬೇಕಾಗುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಪಕ್ಕದ ನಿಲ್ದಾಣ ಕಡಗರವಳ್ಳಿ ನಡುವೆ ಗುಡ್ಡ ಕುಸಿದು, ಆಗಸ್ಟ್‌ವರೆಗೂ ಪ್ರಯಾಣಿಕರ ರೈಲುಗಳು ನಿಂತಿದ್ದವು. ಇಂಥ ಅಪಾಯಕ್ಕೆಂದೇ ಇಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್‌ಗಳು ಸುರಿಯುವ ಮಳೆಯಲ್ಲೂ ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುತ್ತಾರೆ; ಬಂಡೆ ಉರುಳಿದೆಯೇ, ಮಣ್ಣು ಜಗ್ಗಿದೆಯೇ ಎಂದು ನೋಡುತ್ತಾರೆ. ಸುರಂಗಗಳ ಚಂದಕ್ಕೆ ಮರುಳಾಗಿ ಹಳಿ ಮೇಲೆ ಚಾರಣ ಹೊರಡುವವರಿಗೆ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು: ಆ ನಡಿಗೆ ನಿಷಿದ್ಧ. ಸುರಂಗದ ನಡುವೆ ರೈಲು ಬಂದರೆ ಓಡಲು ಜಾಗವೂ ಇಲ್ಲ.

ನಿಂತ ರೈಲು ಕಾಯುತ್ತಿದ್ದ ಎದುರಿನ ಗೂಡ್ಸ್ ಬಂತು. ಘಾಟಿ ಇಳಿದು ಬಂದ ರೈಲಿನ ಕಾದ ಬ್ರೇಕಿನ ಸುಟ್ಟ ವಾಸನೆ ಇನ್ನೂ ಕಿಟಕಿವರೆಗೆ ಬರುತ್ತಿದೆ. ಹಸಿರು ಬಾವುಟ ಹಿಡಿದ ಸಿಬ್ಬಂದಿಯೊಬ್ಬರು ನಿಂತಲ್ಲೇ ನಿಂತು ಒಂದೊಂದೇ ವ್ಯಾಗನ್ನಿನ ಕೆಳಗೆ ಕಣ್ಣಾಡಿಸುತ್ತಾರೆ: ಏನಾದರೂ ಜೋತಾಡುತ್ತಿದೆಯೇ, ಯಾವುದಾದರೂ ಚಕ್ರದಿಂದ ಹೊಗೆ ಬರುತ್ತಿದೆಯೇ. ಕೊನೆಯ ವ್ಯಾಗನ್ ದಾಟಿದ ಮೇಲೇ ಅವರು ಬಾವುಟ ಸುತ್ತಿಕೊಳ್ಳುವುದು.