ಎರೆಮಣ್ಣಿನ ನೆಲದಲ್ಲಿ ಕೃತಕ ಹುಲ್ಲುಹಾಸು

ಕೃತಕ ಹುಲ್ಲುಹಾಸು ಎಂಬುದು ಪಾಲಿಥಿಲೀನ್, ಪಾಲಿಪ್ರೊಪಿಲೀನ್ ಅಥವಾ ನೈಲಾನ್ ಎಳೆಗಳನ್ನು ಹಿಂಬದಿಯ ಬಟ್ಟೆಗೆ ಹೊಲಿದು, ಹುಲ್ಲಿನಂತೆ ಕಾಣುವ ಹಾಗೆ ತಯಾರಿಸಿದ ನೆಲಹಾಸು. ಹೋಟೆಲುಗಳ ಅಂಗಳ, ಕಲ್ಯಾಣ ಮಂಟಪ, ಕಚೇರಿ ಸಮುಚ್ಚಯ ಹಾಗೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕ್ರಿಕೆಟ್ ಮತ್ತು ಫುಟ್‌ಬಾಲ್ ಅಂಗಳಗಳಲ್ಲಿ ಇದನ್ನು ಬಳಸಲಾಗುತ್ತದೆ. ಆಡುಮಾತಿನಲ್ಲಿ ಇಂತಹ ಬಾಡಿಗೆಯ ಅಂಗಳಕ್ಕೇ ‘ಟರ್ಫ್’ ಎಂಬ ಹೆಸರು ನಿಂತುಬಿಟ್ಟಿದೆ. ಜೇಡಿಯ ಅಂಶ ಹೆಚ್ಚಿರುವ ನೆಲದಲ್ಲಿ, ಅದರಲ್ಲೂ ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ, ಇದರ ಬಾಳಿಕೆಯನ್ನು ನಿರ್ಧರಿಸುವುದು ಹಾಸಿನ ಗುಣಮಟ್ಟಕ್ಕಿಂತ ಹೆಚ್ಚಾಗಿ ಅದರ ಕೆಳಗಿನ ತಳಪಾಯ.

ಹಿನ್ನೆಲೆ

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆರಂಭವಾದ ಆಸ್ಟ್ರೋಡೋಮ್ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲು ಸಹಜ ಹುಲ್ಲನ್ನೇ ಬೆಳೆಸಲಾಗಿತ್ತು. ಛಾವಣಿಯ ಪಾರದರ್ಶಕ ಫಲಕಗಳಿಂದ ಬರುವ ಪ್ರಖರ ಬೆಳಕು ಆಟಗಾರರ ಕಣ್ಣು ಕುಕ್ಕುತ್ತಿದ್ದುದರಿಂದ ಅವುಗಳಿಗೆ ಬಣ್ಣ ಬಳಿಯಲಾಯಿತು. ಬಿಸಿಲು ಸಾಲದೆ ಹುಲ್ಲು ಒಣಗಿತು. 1966ರಲ್ಲಿ ಅಲ್ಲಿ ಮೊನ್ಸಾಂಟೊ ಕಂಪನಿಯ ಕೃತಕ ಹಾಸನ್ನು ಹಾಸಲಾಯಿತು. ಆಸ್ಟ್ರೋಟರ್ಫ್ ಎಂಬ ಹೆಸರು ಬಂದದ್ದು ಹೀಗೆ. ಹ್ಯೂಸ್ಟನ್ ನಗರವೂ ಉಬ್ಬುವ ಜೇಡಿಮಣ್ಣಿನ ಮೇಲೆಯೇ ನಿಂತಿದೆ. ಆದರೆ ಛಾವಣಿಯ ಕೆಳಗಿನ ಹಾಸಿನ ಮೇಲೆ ಮಳೆ ಸುರಿಯುವ ಪ್ರಶ್ನೆ ಇರಲಿಲ್ಲ. ಬಯಲಿನ ಅಂಗಳಕ್ಕೆ ಈ ಅನುಕೂಲವಿಲ್ಲ.

ಎರೆಮಣ್ಣಿನ ಸ್ವಭಾವ

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಹರಡಿರುವ ಕಪ್ಪುಮಣ್ಣಿಗೆ ಎರೆಮಣ್ಣು ಎಂದು ಹೆಸರು. ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಸಣ್ಣವು. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ ಹೆಚ್ಚಾಗಿರುತ್ತದೆ. ಇದರ ರಚನೆ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತಿದ್ದು, ನೀರು ಆ ಹಾಳೆಗಳ ನಡುವೆ ಸೇರಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲಗಳಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಕಾಣುವುದು ಇದೇ ಕಾರಣದಿಂದ. ತೇವವನ್ನು ಬಹುಕಾಲ ಹಿಡಿದಿಡುವ ಈ ಗುಣ ಜೋಳ, ಕಡಲೆ, ಹತ್ತಿಗೆ ವರ. ಕಟ್ಟಡಕ್ಕೂ ಅಂಗಳಕ್ಕೂ ಅದೇ ತೊಡಕು.

ಮಣ್ಣು ಎಷ್ಟು ಉಬ್ಬುತ್ತದೆ ಎಂಬುದನ್ನು ತಿಳಿಯಲು ಭಾರತೀಯ ಮಾನಕದಲ್ಲಿ ಸರಳವಾದ ಪರೀಕ್ಷೆಯೊಂದಿದೆ. ಒಣಗಿಸಿ ಜರಡಿ ಹಿಡಿದ ತಲಾ 10 ಗ್ರಾಂ ಮಣ್ಣನ್ನು ಎರಡು ಅಳತೆಯ ಗಾಜಿನ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ 24 ಗಂಟೆ ಬಿಡಲಾಗುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿಲೀಟರ್ ನಿಂತ ಮಣ್ಣು ನೀರಿನಲ್ಲಿ 18 ಮಿಲಿಲೀಟರಿಗೆ ಏರಿದರೆ ಉಬ್ಬರ ಶೇಕಡಾ 80 ಎಂದರ್ಥ. ಹಾಸಿಗೆ ಲಕ್ಷಾಂತರ ರೂಪಾಯಿ ವ್ಯಯಿಸುವ ಮುನ್ನ ಇಷ್ಟನ್ನಾದರೂ ಮಾಡಿಸುವುದು ವಿವೇಕ.

ನೀರಿನ ದಾರಿ

ಹಾಸಿನ ಹಿಂಬದಿಯಲ್ಲಿ ರಂಧ್ರಗಳಿರುವುದರಿಂದ ಮಳೆನೀರು ತಾನಾಗಿ ಇಳಿದುಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಇಳಿಯುವುದು ನಿಜ, ಹೋಗುವುದು ನಿಜವಲ್ಲ. ಎರೆಮಣ್ಣಿನಲ್ಲಿ ಗುಂಡಿ ತೋಡಿ ಜಲ್ಲಿ ತುಂಬಿದರೆ, ನೀರನ್ನು ಸುಲಭವಾಗಿ ಬಿಟ್ಟುಕೊಡದ ಮಣ್ಣಿನಲ್ಲಿ ಬಟ್ಟಲೊಂದನ್ನು ಮಾಡಿದಂತಾಗುತ್ತದೆ. 1,000 ಚದರ ಮೀಟರ್ ಅಂಗಳದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರ್ ನೀರು ಕೂಡುತ್ತದೆ. ಜಲ್ಲಿಯ ಸಂದುಗಳಲ್ಲಿ ನಿಂತ ಆ ನೀರನ್ನು ತಳದ ಮಣ್ಣು ನಿಧಾನವಾಗಿ ಹೀರಿ ಉಬ್ಬುತ್ತದೆ. ಎಲ್ಲೆಡೆ ಸಮನಾಗಿ ಉಬ್ಬದ ಕಾರಣ ಹಾಸು ಅಲೆಅಲೆಯಾಗುತ್ತದೆ, ಜೋಡಣೆಗಳು ಬಿಡುತ್ತವೆ. ಆಡುವವರ ಕಾಲು ಉಳುಕುವ ಅಪಾಯ ಇಂತಹ ಅಂಗಳದಲ್ಲಿ ಹೆಚ್ಚು.

ಆದುದರಿಂದ ನೀರನ್ನು ಇಂಗಿಸದೆ ಹೊರಗೆ ಸಾಗಿಸಬೇಕು. ತಳವನ್ನೇ ಶೇಕಡಾ 1ರಷ್ಟು ಇಳಿಜಾರಾಗಿ ರೂಪಿಸಲಾಗುತ್ತದೆ. 30 ಮೀಟರ್ ಉದ್ದಕ್ಕೆ ಇದು 30 ಸೆಂಟಿಮೀಟರ್ ಇಳಿತ. ತಗ್ಗಿನ ಅಂಚಿನಲ್ಲಿ ರಂಧ್ರವುಳ್ಳ ಕೊಳವೆಯನ್ನು ಹೂತು ಚರಂಡಿಗೆ ಸೇರಿಸಲಾಗುತ್ತದೆ. ಚರಂಡಿಯು ಗುಂಡಿಯ ತಳಕ್ಕಿಂತ ಕೆಳಗಿರಬೇಕೆಂಬುದು ಹೇಳಬೇಕಾಗಿಲ್ಲದ ಸಂಗತಿಯಾದರೂ ಇದನ್ನು ಅಳೆದು ನೋಡುವವರು ಕಡಿಮೆ. ಚರಂಡಿ ಮೇಲಿದ್ದರೆ ಅಗೆಯುವುದನ್ನು ಬಿಟ್ಟು ಅಂಗಳವನ್ನೇ ನೆಲಮಟ್ಟದಿಂದ ಎತ್ತರಿಸುವುದು ಲೇಸು. ಇಂಗುಗುಂಡಿ ಈ ಮಣ್ಣಿನಲ್ಲಿ ಪ್ರಯೋಜನಕ್ಕೆ ಬಾರದು.

ತಳಪಾಯ

ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ನಡೆಸಿದ ಸಂಶೋಧನೆಯಿಂದ, ಅಂಟುಗುಣವಿದ್ದೂ ಉಬ್ಬದಂತಹ ಮಣ್ಣಿನ ಪದರವೊಂದನ್ನು ಮೇಲೆ ಹಾಸಿ ದಮ್ಮಸ್ಸು ಮಾಡಿದರೆ ಕೆಳಗಿನ ಉಬ್ಬರ ತಗ್ಗುತ್ತದೆ ಎಂಬ ವಿಧಾನ ರೂಪುಗೊಂಡಿತು. ಕಾಲುವೆಗಳ ಒಳಮೈ ನಿರ್ಮಾಣಕ್ಕೆ ಸಂಬಂಧಿಸಿದ ಭಾರತೀಯ ಮಾನಕ 9451ರಲ್ಲಿ ಈ ವಿಧಾನಕ್ಕೆ ಸ್ಥಾನ ದೊರೆತಿದೆ. ಅಂಗಳಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ; ಒಳ್ಳೆಯ ಗರಸು ಈ ಕೆಲಸಕ್ಕೆ ಒದಗುತ್ತದೆ. ಬರಿಯ ಮರಳಿಗೆ ಅಂಟುಗುಣವಿಲ್ಲ, ಮೇಲಾಗಿ ಅದು ನೀರನ್ನು ನೇರವಾಗಿ ಎರೆಗೆ ಇಳಿಸುತ್ತದೆ. ಗರಸು ದೊರೆಯದಿದ್ದಲ್ಲಿ ಮೇಲ್ಪದರದ ಮಣ್ಣಿಗೆ ಸುಣ್ಣ ಬೆರೆಸಿ ಹದಗೊಳಿಸುವ ಪದ್ಧತಿಯೂ ಇದೆ.

ಗರಸಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಜಲ್ಲಿ, ಕೊನೆಗೆ ತೆಳುವಾಗಿ ಜಲ್ಲಿಪುಡಿ ಬರುತ್ತವೆ. ಬಟ್ಟೆಯಿಲ್ಲದಿದ್ದರೆ ಕಲ್ಲು ಮಣ್ಣಿನೊಳಗೆ ಹೂತುಹೋಗಿ, ಮಣ್ಣು ಕಲ್ಲಿನ ಸಂದುಗಳಿಗೆ ಏರುತ್ತದೆ. ಪ್ರತಿ ಪದರವನ್ನೂ ರೋಲರಿನಿಂದ ಪ್ರತ್ಯೇಕವಾಗಿ ಒತ್ತಬೇಕು.

ಕೆಲಸದ ಕಾಲವೂ ಮುಖ್ಯ. ಬಿರುಕು ಬಾಯ್ಬಿಟ್ಟ ಕಡುಬೇಸಿಗೆಯಲ್ಲಿ ತಳ ಮಾಡಿದರೆ ಮೊದಲ ಮಳೆಗೇ ಅದು ಏಳುತ್ತದೆ. ಮಳೆಗಾಲದ ಕೆಸರಿನಲ್ಲಿ ರೋಲರ್ ಓಡದು. ಮಳೆ ನಿಂತು ನೆಲ ಹದವಾಗಿ ಆರುವ ದಿನಗಳು ಸೂಕ್ತ. ತೇವದ ಏರಿಳಿತ ಅಂಚುಗಳಲ್ಲೇ ಹೆಚ್ಚಾಗಿರುವುದರಿಂದ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕುವುದು, ನೀರಿನ ನಲ್ಲಿಯನ್ನೂ ದೊಡ್ಡ ಮರಗಳನ್ನೂ ದೂರವಿಡುವುದು ರೂಢಿ.

ಹಾಸುವಿಕೆ

ಹಾಸಿನ ಸುರುಳಿಗಳನ್ನು ಎಳೆಗಳೆಲ್ಲ ಒಂದೇ ದಿಕ್ಕಿಗೆ ಬಾಗುವಂತೆ ಬಿಚ್ಚಿ, ಜೋಡಣೆಯ ಕೆಳಗೆ ಪಟ್ಟಿಯಿಟ್ಟು ಅಂಟಿಸಿ, ಮರಳು ಅಥವಾ ರಬ್ಬರ್ ಹರಳು ತುಂಬಿ ಬಾಚಲಾಗುತ್ತದೆ. ತಳ ಸಮನಾಗಿದ್ದರೆ ಇದು ಕೆಲವೇ ದಿನಗಳ ಕೆಲಸ.

ಮಿತಿಗಳು

ಬಿಸಿಲಿನಲ್ಲಿ ಹಾಸಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್‌ ದಾಟಬಹುದು. ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಬೇಸಿಗೆಯ ಹಗಲಿನಲ್ಲಿ ಬರಿಗಾಲಿನಲ್ಲಿ ಅದರ ಮೇಲೆ ನಿಲ್ಲುವುದು ಕಷ್ಟ. ತಂಪಿಗೆಂದು ನೀರು ಚಿಮುಕಿಸಿದರೆ ಆ ನೀರಿಗೂ ಹೊರದಾರಿ ಬೇಕಾಗುತ್ತದೆ. ರಬ್ಬರ್ ಹರಳುಗಳು ಮಳೆಯೊಡನೆ ಚರಂಡಿ ಸೇರಿ ಮೈಕ್ರೋಪ್ಲಾಸ್ಟಿಕ್ ಆಗಿ ಉಳಿಯುತ್ತವೆ. ಐರೋಪ್ಯ ಒಕ್ಕೂಟವು 2023ರಲ್ಲಿ ಇಂತಹ ಹರಳುಗಳ ಮಾರಾಟಕ್ಕೆ ನಿರ್ಬಂಧ ವಿಧಿಸಿ, ಕ್ರೀಡಾಂಗಣಗಳಿಗೆ 8 ವರ್ಷಗಳ ಕಾಲಾವಕಾಶ ನೀಡಿದೆ.