ಏಳು ತಲೆಮಾರು ಕಾಯ್ದ ಗುಟ್ಟು

ಕಣ್ಣಿನ ಬಣ್ಣ ತಂದೆತಾಯಿಯ ವರ್ಣತಂತುಗಳ ಮೂಲಕ ಮಗುವಿಗೆ ತಾನಾಗಿಯೇ ಬರುತ್ತದೆ. ನಂಬಿಕೆ ಹಾಗೆ ಬರುವುದಿಲ್ಲ. ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಕಲಿಸಬೇಕು. ಪಾದ್ರಿಯಿಲ್ಲದೆ, ಚರ್ಚಿಲ್ಲದೆ ಹಾಗೆ ಕಲಿಸಬಹುದೆ? ಜಪಾನಿನ ನಾಗಸಾಕಿ ಸೀಮೆಯ ರೈತರು, ಬೆಸ್ತರು ಇನ್ನೂರಕ್ಕೂ ಹೆಚ್ಚು ವರ್ಷ ಇದನ್ನು ಮಾಡಿ ತೋರಿಸಿದರು.

ಗೋವಾದಲ್ಲಿ ಸೇವೆ ಸಲ್ಲಿಸಿದ್ದ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಹೋಗಿ ಕ್ರೈಸ್ತಧರ್ಮ ಬೋಧಿಸಿದರು. 1614ರಲ್ಲಿ ಅಲ್ಲಿನ ಆಡಳಿತ ದೇಶದಾದ್ಯಂತ ಈ ಧರ್ಮವನ್ನು ನಿಷೇಧಿಸಿತು. ಪಾದ್ರಿಗಳ ಗಡೀಪಾರಾಯಿತು. ಅಡಗಿ ಉಳಿದವರಲ್ಲಿ ಕೊನೆಯವರನ್ನು 1644ರಲ್ಲಿ ಕೊಲ್ಲಲಾಯಿತು. ಪ್ರತಿ ಕುಟುಂಬವೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕಾಗಿತ್ತು.

ಆಗ ಊರಿನವರೇ ಪಾದ್ರಿಯ ಕೆಲಸಗಳನ್ನು ಹಂಚಿಕೊಂಡರು. ಒಬ್ಬ ಪಂಚಾಂಗ ನೋಡಿ ಹಬ್ಬದ ದಿನಗಳನ್ನು ಲೆಕ್ಕ ಹಾಕಿದರೆ, ಇನ್ನೊಬ್ಬ ಹುಟ್ಟಿದ ಮಗುವಿಗೆ ಜ್ಞಾನಸ್ನಾನ ಮಾಡಿಸುತ್ತಿದ್ದ. ಮನೆಯಲ್ಲಿದ್ದ ಕನ್ನೊನ್ ವಿಗ್ರಹ ಹೊರಗಿನವರಿಗೆ ಬೌದ್ಧರ ಕರುಣಾದೇವತೆ, ಮನೆಯವರಿಗೆ ಮಾತೆ ಮರಿಯಾ. 'ಒರಾಶೊ' ಎಂಬ ಪ್ರಾರ್ಥನೆಗಳು ಬಾಯಿಯಿಂದ ಬಾಯಿಗೆ ಸಾಗಿದವು. ಅವುಗಳಲ್ಲಿನ ಲ್ಯಾಟಿನ್ ಮಾತುಗಳು ಸವೆದು ಅರ್ಥವೇ ತಿಳಿಯದಂತಾದರೂ ಹೇಳುವುದು ನಿಲ್ಲಲಿಲ್ಲ.

ನಾಗಸಾಕಿಯಲ್ಲಿ ವರ್ಷಕ್ಕೊಮ್ಮೆ ಜನ ಕ್ರಿಸ್ತನ ಅಥವಾ ಮರಿಯಾಳ ಚಿತ್ರವನ್ನು ತುಳಿದು ತಾವು ಕ್ರೈಸ್ತರಲ್ಲವೆಂದು ಅಧಿಕಾರಿಗಳ ಮುಂದೆ ತೋರಿಸಬೇಕಿತ್ತು. ಅನೇಕರು ತುಳಿದರು. ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದರು. ಹಿರಿಯರ ಸೋಲು, ಅವರ ಪಶ್ಚಾತ್ತಾಪ ಎರಡೂ ಮನೆಯ ಬದುಕಿನ ಭಾಗವಾದವು.

1865ರ ಮಾರ್ಚ್ 17ರಂದು ಫಲ ಕಂಡಿತು. ವಿದೇಶೀಯರಿಗಾಗಿ ನಾಗಸಾಕಿಯಲ್ಲಿ ಕಟ್ಟಿದ್ದ ಹೊಸ ಚರ್ಚಿಗೆ ಉರಾಕಾಮಿ ಹಳ್ಳಿಯ ಕೆಲವರು ಬಂದರು. ಫ್ರೆಂಚ್ ಪಾದ್ರಿ ಪೆತಿಜಾನ್ ಅವರ ಬಳಿ ಒಬ್ಬಾಕೆ, ತಮ್ಮದೂ ಅದೇ ನಂಬಿಕೆಯೆಂದು ಪಿಸುಗುಟ್ಟಿ, ಮರಿಯಾಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಈ ಧೈರ್ಯಕ್ಕೆ ಬೆಲೆ ತೆರಬೇಕಾಯಿತು. ಮುಂದಿನ ವರ್ಷಗಳಲ್ಲಿ ಉರಾಕಾಮಿಯ 3,000ಕ್ಕೂ ಹೆಚ್ಚು ಜನರನ್ನು ಊರು ಬಿಡಿಸಿ ದೂರ ಕಳಿಸಲಾಯಿತು. 600ಕ್ಕೂ ಹೆಚ್ಚು ಮಂದಿ ಸತ್ತರು. ನಿಷೇಧ ಸಡಿಲವಾದದ್ದು 1873ರಲ್ಲಿ.

ಬಹಳ ಜನ ಚರ್ಚಿಗೆ ಮರಳಿದರು. ಕೆಲವರು ಹಿರಿಯರ ಗುಟ್ಟಿನ ಕ್ರಮವನ್ನೇ ಉಳಿಸಿಕೊಂಡರು. ಇಕಿತ್ಸುಕಿ ದ್ವೀಪದಲ್ಲಿ ಇಂದು ಅಂಥವರು ವಿರಳ. ಮಕ್ಕಳು ಓದಿಗೆ, ಕೆಲಸಕ್ಕೆ ಪಟ್ಟಣ ಸೇರಿದ್ದಾರೆ, ಒರಾಶೊ ಕಲಿಯುವವರಿಲ್ಲ. ಸೆರೆಮನೆಗೂ ಹೆದರದೆ ಉಳಿದದ್ದು, ಮನೆಯಲ್ಲಿ ಒಟ್ಟಿಗೆ ಕೂರುವ ಸಂಜೆಗಳು ಇಲ್ಲವಾದಾಗ ಕರಗುತ್ತಿದೆ. ಯಾವ ಧರ್ಮದ ಮನೆಯವರೇ ಆಗಲಿ, ಯೋಚಿಸಬೇಕಾದ ಮಾತಿದು.